ಹೊಡೆತ ನಿಂತ ಮೇಲೂ ಉಳಿಯುವ ಹಿಡಿತ: ಅದನ್ನು ಅಳೆಯುವುದು ಹೇಗೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು (2019-21) ಹೊರಬಂದಾಗ ಕರ್ನಾಟಕದ ಒಂದು ಅಂಕಿ ಎದ್ದು ಕಂಡಿತು. ಮದುವೆಯಾದ, 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ದೇಶದ ಬೇರಾವ ರಾಜ್ಯದಲ್ಲೂ ಪ್ರಮಾಣ ಇಷ್ಟಿರಲಿಲ್ಲ. ನಾಲ್ಕನೇ ಸುತ್ತಿನಲ್ಲಿ ಇದೇ ರಾಜ್ಯದ ಪ್ರಮಾಣ ಶೇ 20.6 ಇತ್ತು. ಕರ್ನಾಟಕ ಸಮೀಕ್ಷೆಯ ಮೊದಲ ಹಂತದಲ್ಲೇ, ಅಂದರೆ ಕೋವಿಡ್ ಬರುವ ಮುನ್ನವೇ ಮುಗಿದಿತ್ತು. ಹಾಗಾಗಿ ಲಾಕ್‌ಡೌನ್ ಮೇಲೆ ಹೊಣೆ ಹಾಕುವಂತಿಲ್ಲ. ಹಿಂಸೆ ನಿಜಕ್ಕೂ ದುಪ್ಪಟ್ಟಾಯಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ, ಪ್ರಶ್ನೆ ಕೇಳಿದವರ ತರಬೇತಿ ಬೇರೆಯಾಗಿತ್ತೋ ಎಂಬುದನ್ನು ಆ ಒಂದು ಅಂಕಿಯಿಂದ ತೀರ್ಮಾನಿಸಲು ಬರುವುದಿಲ್ಲ.

ಅದಕ್ಕಿಂತ ಮುಖ್ಯವಾದ ವಿಚಾರ ಬೇರೆ ಇದೆ. ಆ ಶೇ 44.4ರೊಳಗೆ ಸೇರಿರುವುದು ದೈಹಿಕ ಮತ್ತು ಲೈಂಗಿಕ ಹಿಂಸೆ ಮಾತ್ರ. ನೂಕಿದ್ದು, ಕೂದಲು ಹಿಡಿದೆಳೆದದ್ದು, ಕಪಾಳಕ್ಕೆ ಹೊಡೆದದ್ದು, ಒದ್ದದ್ದು, ಕತ್ತು ಹಿಸುಕಿದ್ದು, ಸುಟ್ಟದ್ದು, ಆಯುಧ ತೋರಿಸಿದ್ದು, ಇಷ್ಟವಿಲ್ಲದೆ ದೈಹಿಕ ಸಂಬಂಧಕ್ಕೆ ಬಲವಂತ ಮಾಡಿದ್ದು. ಗಂಡ ಒಮ್ಮೆಯೂ ಕೈಯೆತ್ತದ, ಆದರೆ ರಾತ್ರಿ ಹೆಂಡತಿಯ ಫೋನು ಪರಿಶೀಲಿಸದೆ ಮಲಗದ, ತರಕಾರಿಯ ಹಣಕ್ಕೂ ಲೆಕ್ಕ ಕೇಳುವ, ಮೂರು ವರ್ಷದಿಂದ ತವರಿಗೆ ಕಳಿಸದ ಮನೆ ಈ ಅಂಕಿಯಲ್ಲಿ ‘ಹಿಂಸೆ ಇಲ್ಲದ ಮನೆ’ಯಾಗಿ ದಾಖಲಾಗಿದೆ.

ಇಂಗ್ಲಿಷ್‌ನಲ್ಲಿ ಕೊಯರ್ಸಿವ್ ಕಂಟ್ರೋಲ್ ಎಂದು ಕರೆಯುವ ಈ ಬಗೆಯ ದಬ್ಬಾಳಿಕೆಯನ್ನು ಇಲ್ಲಿ ‘ಹಿಡಿತ’ ಎನ್ನೋಣ. ಅದು ಘಟನೆಗಳ ಸರಣಿಯಲ್ಲ, ನಿರಂತರವಾಗಿ ಜಾರಿಯಲ್ಲಿರುವ ಸ್ಥಿತಿ. ನಮ್ಮ ಅಳತೆಗೋಲುಗಳು ಮಾತ್ರ ಇಂದಿಗೂ ಘಟನೆಗಳನ್ನೇ ಎಣಿಸುತ್ತಿವೆ. ಹಿಡಿತ ಪೂರ್ತಿ ಬಿಗಿಯಾದ ಮನೆಯಲ್ಲಿ ಎಣಿಸಲು ಘಟನೆಗಳೇ ಸಿಗುವುದಿಲ್ಲ. ಆಕೆ ವಿರೋಧಿಸುವುದನ್ನೇ ಬಿಟ್ಟಿರುತ್ತಾಳೆ.

ಎಣಿಕೆಯ ಪದ್ಧತಿ ಬಂದದ್ದು ಎಲ್ಲಿಂದ

1979ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮರ್ರೇ ಸ್ಟ್ರಾಸ್ ರೂಪಿಸಿದ ಕಾನ್‌ಫ್ಲಿಕ್ಟ್ ಟ್ಯಾಕ್ಟಿಕ್ಸ್ ಸ್ಕೇಲ್ ಈ ಕ್ಷೇತ್ರದ ಮೂಲ ಅಳತೆಗೋಲು. 1996ರ ಪರಿಷ್ಕೃತ ರೂಪದಲ್ಲಿ 39 ವರ್ತನೆಗಳಿವೆ. ನೀವು ಮಾಡಿದ್ದೆಷ್ಟು, ಸಂಗಾತಿ ಮಾಡಿದ್ದೆಷ್ಟು ಎಂದು ಎರಡೆರಡು ಸಲ ಕೇಳುವುದರಿಂದ ಒಟ್ಟು 78 ಪ್ರಶ್ನೆಗಳು. ಕಳೆದ ವರ್ಷ ಒಮ್ಮೆ, ಎರಡು ಸಲ, 3ರಿಂದ 5, 6ರಿಂದ 10, 11ರಿಂದ 20, ಇಪ್ಪತ್ತಕ್ಕೂ ಹೆಚ್ಚು ಎಂದು ಉತ್ತರ ಗುರುತಿಸಬೇಕು. ಈ ವಿಧಾನದಿಂದ ದೊಡ್ಡ ಲಾಭವಾಯಿತು. ‘ನಿಮ್ಮ ಮೇಲೆ ದೌರ್ಜನ್ಯ ಆಗಿದೆಯೇ’ ಎಂದರೆ ಇಲ್ಲವೆಂದು ತಲೆಯಾಡಿಸಿ ಸುಮ್ಮನಾಗುವವರು ‘ಕೈ ತಿರುಚಿದ್ದಾರಾ’ ಎಂದರೆ ಹೌದು ಎನ್ನುತ್ತಾರೆ. ನಮ್ಮ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಶ್ನೆಗಳೂ ಇದರ ಸಂತತಿಯೇ.

ನಷ್ಟವೂ ಅಷ್ಟೇ ದೊಡ್ಡದು. ಜಗಳದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೂಕಿದ್ದೂ, ಹೆದರಿ ಮೂಲೆ ಸೇರಿದವಳನ್ನು ನೂಕಿದ್ದೂ ಇಲ್ಲಿ ಒಂದೇ. ಈ ಅಳತೆಗೋಲು ಬಳಸಿದ ಹಲವು ಅಧ್ಯಯನಗಳಲ್ಲಿ ಗಂಡಸರು ಮತ್ತು ಹೆಂಗಸರು ಸಮಾನವಾಗಿ ಹಿಂಸೆ ಎಸಗುತ್ತಾರೆ ಎಂಬ ಫಲಿತಾಂಶ ಬಂದು ದಶಕಗಳ ವಾಗ್ವಾದಕ್ಕೆ ಕಾರಣವಾಯಿತು. ಸಮಾಜಶಾಸ್ತ್ರಜ್ಞ ಮೈಕೆಲ್ ಜಾನ್ಸನ್ 1995ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಜಗಳ ಕೈಮೀರಿ ನಡೆಯುವ ಹೊಡೆದಾಟ ಒಂದು ಬಗೆ, ಸಂಗಾತಿಯ ಇಡೀ ಬದುಕನ್ನು ಅಂಕೆಯಲ್ಲಿಡಲು ಬಳಸುವ ಹಿಂಸೆ ಇನ್ನೊಂದು ಬಗೆ. ಸಾಮಾನ್ಯ ಸಮೀಕ್ಷೆಗಳಿಗೆ ಮೊದಲನೆಯದೇ ಹೆಚ್ಚಾಗಿ ಸಿಗುತ್ತದೆ. ಆಶ್ರಯಧಾಮ, ಆಸ್ಪತ್ರೆ, ಪೊಲೀಸ್ ಠಾಣೆಗಳಿಗೆ ಬರುವುದು ಎರಡನೆಯದು, ಅದನ್ನು ನಡೆಸುವವರು ಬಹುಪಾಲು ಗಂಡಸರು. ಇನ್ನೊಬ್ಬ ಸಮಾಜಶಾಸ್ತ್ರಜ್ಞ ಎವನ್ ಸ್ಟಾರ್ಕ್ 2007ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಇಲ್ಲಿ ಆಗುವ ಮುಖ್ಯ ಹಾನಿ ಗಾಯವಲ್ಲ, ಸ್ವಾತಂತ್ರ್ಯದ ನಷ್ಟ. ಅಂದಮೇಲೆ ಅಳೆಯಬೇಕಾದದ್ದೂ ಅದನ್ನೇ.

ಆರು ಪ್ರಶ್ನೆಗಳು, ಅವುಗಳ ಬಿರುಕುಗಳು

ಹಾಗೆಂದು ಕುಟುಂಬ ಆರೋಗ್ಯ ಸಮೀಕ್ಷೆ ಹಿಡಿತದ ಬಗ್ಗೆ ಏನೂ ಕೇಳುವುದಿಲ್ಲ ಎಂದಲ್ಲ. ಆರು ಪ್ರಶ್ನೆಗಳಿವೆ. ಬೇರೆ ಗಂಡಸರ ಜೊತೆ ಮಾತನಾಡಿದರೆ ಗಂಡ ಹೊಟ್ಟೆಕಿಚ್ಚುಪಡುತ್ತಾನೆಯೇ ಅಥವಾ ಸಿಟ್ಟಾಗುತ್ತಾನೆಯೇ, ಶೀಲದ ಮೇಲೆ ಪದೇ ಪದೇ ಅನುಮಾನದ ಮಾತಾಡುತ್ತಾನೆಯೇ, ಗೆಳತಿಯರನ್ನು ಭೇಟಿಯಾಗಲು ಬಿಡುವುದಿಲ್ಲವೇ, ತವರಿನವರ ಸಂಪರ್ಕ ಕಡಿಮೆ ಮಾಡಲು ನೋಡುತ್ತಾನೆಯೇ, ಸದಾ ಎಲ್ಲಿದ್ದೀರಿ ಎಂಬುದು ಗೊತ್ತಾಗಲೇಬೇಕು ಎನ್ನುತ್ತಾನೆಯೇ, ಹಣದ ವಿಷಯದಲ್ಲಿ ನಿಮ್ಮನ್ನು ನಂಬುವುದಿಲ್ಲವೇ. ಉತ್ತರ ಹೌದು, ಇಲ್ಲ ಅಥವಾ ಗೊತ್ತಿಲ್ಲ. ಮೂರು ಅಥವಾ ಹೆಚ್ಚು ‘ಹೌದು’ ಎಷ್ಟು ಮಂದಿಯದು, ಒಂದೂ ಇಲ್ಲದವರೆಷ್ಟು ಎಂದು ವರದಿಯ ಒಳಪುಟದ ಕೋಷ್ಟಕದಲ್ಲಿ ಕೊಡುತ್ತಾರೆ. ಪತ್ರಿಕೆಗಳ ತಲೆಬರಹಕ್ಕೆ ಬರುವ ಅಂಕಿಯಲ್ಲಿ ಇದಕ್ಕೆ ಜಾಗವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2005ರ ಬಹುರಾಷ್ಟ್ರ ಅಧ್ಯಯನವೂ ಇಂಥದ್ದೇ ಪಟ್ಟಿ ಬಳಸಿತ್ತು. ಹತ್ತು ದೇಶಗಳ 24,097 ಮಹಿಳೆಯರನ್ನು ಮಾತನಾಡಿಸಿದ ಆ ಅಧ್ಯಯನದಲ್ಲಿ ಪಟ್ಟಿಯ ಯಾವುದಾದರೂ ಒಂದು ವರ್ತನೆಯನ್ನು ಕಂಡವರ ಪ್ರಮಾಣ ಜಪಾನಿನಲ್ಲಿ ಶೇ 21, ಟಾಂಜಾನಿಯಾದ ನಗರ ಪ್ರದೇಶದಲ್ಲಿ ಸುಮಾರು ಶೇ 90. ಇಷ್ಟು ಅಂತರ ಕಂಡಾಗ ಅಳತೆಗೋಲನ್ನೇ ಅನುಮಾನದಿಂದ ನೋಡಬೇಕು. ಹಿಡಿತದ ಜೊತೆಗೆ ಆ ಸಮಾಜದ ರೂಢಿಯೂ ಅಂಕಿಯೊಳಗೆ ನುಸುಳಿರುತ್ತದೆ.

ನಮ್ಮಲ್ಲೂ ಅದೇ ತೊಡಕು. ‘ಹೊರಗೆ ಹೋಗಲು ಗಂಡನ ಒಪ್ಪಿಗೆ ಬೇಕಾ’ ಎಂದು ಕೇಳಿದರೆ ‘ಹೇಳಿ ಹೋಗೋದು ಪದ್ಧತಿ ಅಲ್ವಾ’ ಎಂಬ ಉತ್ತರ ಹಾಸನದಲ್ಲೂ ಬರುತ್ತದೆ, ಕಲಬುರಗಿಯಲ್ಲೂ ಬರುತ್ತದೆ. ಹಾಗೆ ಹೇಳಿದವರಲ್ಲಿ ಒಬ್ಬಳು ಹೇಳಿದಷ್ಟೇ ಸಲೀಸಾಗಿ ಹೊರಡುತ್ತಾಳೆ, ಅಕಸ್ಮಾತ್ ಹೇಳದೆ ಹೋದರೂ ಸಂಜೆ ಒಂದು ಮಾತು ಬಂದು ಮುಗಿಯುತ್ತದೆ. ಇನ್ನೊಬ್ಬಳು ಹೇಳದೆ ಹೋದರೆ ಆ ರಾತ್ರಿ ಊಟವಿಲ್ಲ, ಒಂದು ವಾರ ಮಾತಿಲ್ಲ, ಮಗುವನ್ನು ಅತ್ತೆಯ ಕೋಣೆಯಲ್ಲಿ ಮಲಗಿಸುತ್ತಾರೆ. ಹೌದು-ಇಲ್ಲ ಎಂಬ ಉತ್ತರದಲ್ಲಿ ಇಬ್ಬರದೂ ಒಂದೊಂದು ಅಂಕ.

ಇನ್ನೊಂದು ಬಿರುಕು ಕಾಲದ್ದು. ‘ಗೆಳತಿಯರನ್ನು ಭೇಟಿಯಾಗಲು ಬಿಡುವುದಿಲ್ಲವೇ’ ಎಂಬ ಪ್ರಶ್ನೆಗೆ ಮದುವೆಯಾದ ಮೊದಲ ವರ್ಷವೇ ಎಲ್ಲ ಗೆಳತಿಯರನ್ನೂ ಬಿಟ್ಟವಳ ಪ್ರಾಮಾಣಿಕ ಉತ್ತರ ‘ಹಾಗೇನಿಲ್ಲ’. ಅವಳನ್ನು ಈಗ ಯಾರೂ ತಡೆಯುತ್ತಿಲ್ಲ, ತಡೆಯುವ ಅಗತ್ಯವೇ ಇಲ್ಲ. ಕಳೆದ 12 ತಿಂಗಳ ಮಿತಿಯಿರುವ ಯಾವುದೇ ಪ್ರಶ್ನೆಯೂ ಹೀಗೆಯೇ ಕೈಕೊಡುತ್ತದೆ. ನಾಲ್ಕು ವರ್ಷದ ಹಿಂದೆ ಒಮ್ಮೆ ಸೀಮೆಎಣ್ಣೆ ಡಬ್ಬ ಎತ್ತಿ ಬೆದರಿಸಿದವನು ಆಮೇಲೆ ಬೆದರಿಸಿಲ್ಲದಿರಬಹುದು. ಆ ಬೆದರಿಕೆ ಇವತ್ತಿಗೂ ಕೆಲಸ ಮಾಡುತ್ತಿರುತ್ತದೆ.

ಹಿಡಿತದ ನಾಲ್ಕು ಭಾಗಗಳು

2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಮೇರಿ ಆನ್ ಡಟನ್ ಮತ್ತು ಲೀಸಾ ಗುಡ್‌ಮನ್ ಹಿಡಿತವನ್ನು ಬಿಡಿಸಿಟ್ಟ ಬಗೆ ನಮ್ಮ ದೃಷ್ಟಿಯಲ್ಲಿ ಇಂದಿಗೂ ಹೆಚ್ಚು ಉಪಯುಕ್ತ. ಒಂದು ಕಟ್ಟಳೆ ಇರುತ್ತದೆ: ಹೀಗಿರಬೇಕು, ಹೀಗೆ ಮಾಡಬಾರದು. ಮೀರಿದರೆ ಏನಾದರೂ ಆಗುತ್ತದೆ ಎಂಬ, ನಂಬಲು ಕಾರಣವಿರುವ ಬೆದರಿಕೆ ಇರುತ್ತದೆ. ಪಾಲನೆಯಾಗುತ್ತಿದೆಯೇ ಎಂದು ನೋಡುವ ಕಣ್ಗಾವಲು ಇರುತ್ತದೆ. ಕೊನೆಗೆ ಆಕೆಯ ಪ್ರತಿಕ್ರಿಯೆ: ಒಪ್ಪಿ ನಡೆಯುವುದು, ಮರೆಮಾಚುವುದು ಅಥವಾ ಎದುರಿಸುವುದು. ಬೆದರಿಕೆಯಿಲ್ಲದ ಕಟ್ಟಳೆ ಹೆಚ್ಚೆಂದರೆ ಹಟಮಾರಿತನ. ಬೆನ್ನಿಗೆ ಬೆದರಿಕೆ ಇದ್ದರೆ ಮಾತ್ರ ಅದು ಹಿಡಿತ.

ಪ್ರಶ್ನೆ ರೂಪಿಸುವವರಿಗೆ ಇದರಿಂದ ಸಿಗುವ ದಾರಿ ಸರಳ. ಪ್ರತಿ ಕಟ್ಟಳೆಯ ಪ್ರಶ್ನೆಯ ಹಿಂದೆಯೂ ‘ಮೀರಿದರೆ ಏನಾಗುತ್ತದೆ’ ಎಂಬ ಪ್ರಶ್ನೆ ಬರಬೇಕು. ಮನೆಖರ್ಚಿನ ಹಣದ ವಿಷಯವನ್ನೇ ತೆಗೆದುಕೊಳ್ಳಿ. ‘ಗಂಡ ಆರ್ಥಿಕವಾಗಿ ನಿಯಂತ್ರಿಸುತ್ತಾರೆಯೇ’ ಎಂದು ಯಾರನ್ನೂ ಕೇಳುವಂತಿಲ್ಲ. ಅದು ಅರ್ಜಿ ನಮೂನೆಯ ಭಾಷೆ. ಕೇಳಬೇಕಾದದ್ದು ಹೀಗೆ:

‘ಅಕ್ಕ, ಮನೆ ಖರ್ಚಿನ ದುಡ್ಡು ನಿಮ್ಮ ಕೈಗೆ ಹೇಗೆ ಬರುತ್ತೆ? ತಿಂಗಳಿಗೊಂದು ಸಲ ಕೊಡ್ತಾರಾ, ಬೇಕಾದಾಗೆಲ್ಲ ಕೇಳಬೇಕಾ?’

‘ಖರ್ಚು ಮಾಡಿದ ಮೇಲೆ ಲೆಕ್ಕ ಒಪ್ಪಿಸಬೇಕಾ? ಬಿಲ್ ತೋರಿಸಬೇಕಾ?’

‘ಐವತ್ತು ರೂಪಾಯಿ ಲೆಕ್ಕಕ್ಕೆ ಸಿಗಲಿಲ್ಲ ಅಂದ್ರೆ ಏನಾಗುತ್ತೆ? ಹಿಂದೆ ಯಾವಾಗಲಾದ್ರೂ ಹಾಗಾಗಿತ್ತಾ?’

‘ಅದಕ್ಕೆ ಹೆದರಿ ನೀವು ಏನಾದ್ರೂ ತಗೊಳ್ಳೋದು ಬಿಟ್ಟಿದ್ದೀರಾ? ಮಾತ್ರೆ, ಪ್ಯಾಡು, ಮಕ್ಕಳ ತಿಂಡಿ?’

ಮೊದಲ ಪ್ರಶ್ನೆ ಕಟ್ಟಳೆಯದು, ಎರಡನೆಯದು ಕಣ್ಗಾವಲಿನದು, ಮೂರನೆಯದು ಬೆದರಿಕೆಯದು, ನಾಲ್ಕನೆಯದು ಆಕೆಯ ಬದುಕು ಎಷ್ಟು ಕಿರಿದಾಯಿತು ಎಂಬುದರದು. ಮೊದಲೆರಡಕ್ಕೆ ‘ಹೌದು’ ಎಂದು ಮೂರನೆಯದಕ್ಕೆ ‘ಏನಾಗುತ್ತೆ, ಮರೆತಿರಬೇಕು ಅಂತಾರೆ’ ಎಂದು ನಕ್ಕರೆ ಅದು ಕೈಬಿಗಿ ಸಂಸಾರ. ಮೂರನೆಯದಕ್ಕೆ ಮೌನ, ಆಮೇಲೆ ‘ನಾನು ಲೆಕ್ಕ ತಪ್ಪೋದೇ ಇಲ್ಲ’ ಎಂಬ ಉತ್ತರ ಬಂದರೆ ಅಲ್ಲಿ ನಿಲ್ಲಬೇಕು. ತಪ್ಪದಿರಲು ಏನೇನು ಮಾಡುತ್ತೀರಿ ಎಂದು ಕೇಳಬೇಕು.

ಕಾಲ ಬದಲಾದಂತೆ ಪ್ರಶ್ನೆಯೂ ಬದಲಾಗಬೇಕು. ‘ಎಲ್ಲಿದ್ದೀರಿ ಎಂದು ಗೊತ್ತಾಗಲೇಬೇಕು ಎನ್ನುತ್ತಾರಾ’ ಎಂಬುದು ಫೋನು ಕಡಿಮೆ ಇದ್ದ ಕಾಲದ ಪ್ರಶ್ನೆ. ಲೊಕೇಷನ್ ಹಂಚಿಕೆ ಸದಾ ಚಾಲೂ ಇದ್ದರೆ ಗಂಡ ಏನನ್ನೂ ಎನ್ನಬೇಕಾಗಿಲ್ಲ. ಆಕೆಯ ವಾಟ್ಸ್‌ಆ್ಯಪ್ ಗಂಡನ ಲ್ಯಾಪ್‌ಟಾಪಿನಲ್ಲೂ ತೆರೆದಿರಬಹುದು. ಅಂಗಡಿಗೆ ಹೋದಾಗ ವಿಡಿಯೊ ಕರೆ ಮಾಡಿ ಸುತ್ತ ಯಾರಿದ್ದಾರೆ ತೋರಿಸು ಎನ್ನಬಹುದು. ಇಲ್ಲೂ ‘ಫೋನಿನ ಲಾಕ್ ನಿಮ್ಮವರಿಗೆ ಗೊತ್ತಾ’ ಎಂದು ಕೇಳಿ ಪ್ರಯೋಜನ ಕಡಿಮೆ, ಎಷ್ಟೋ ದಂಪತಿಗೆ ಪರಸ್ಪರ ಗೊತ್ತಿರುತ್ತದೆ. ‘ನಾಳೆ ಹೇಳದೆ ಲಾಕ್ ಬದಲಾಯಿಸಿದರೆ ಏನಾಗುತ್ತೆ’ ಎಂಬುದು ಅಳೆಯುವ ಪ್ರಶ್ನೆ.

ಕರ್ನಾಟಕದಲ್ಲಿ ಇದಕ್ಕೆ ಎರಡು ಒಳ್ಳೆಯ ಅವಕಾಶಗಳು ತಾನಾಗಿ ಒದಗಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರ ಪ್ರಯಾಣ ಉಚಿತ. ತವರಿಗೆ ಹೋಗಿ ಎಷ್ಟು ಕಾಲವಾಯಿತು ಎಂಬ ಪ್ರಶ್ನೆಗೆ ‘ಬಸ್ ಚಾರ್ಜಿಗೆ ದುಡ್ಡಿರಲಿಲ್ಲ’ ಎಂಬ ಕಾರಣ ಈಗ ಬಹುತೇಕ ಇಲ್ಲವಾಗಿರುವುದರಿಂದ ಉಳಿದ ಕಾರಣಗಳು ಸ್ಪಷ್ಟವಾಗಿ ಕಾಣುತ್ತವೆ. ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ ಆರಂಭವಾದ ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಖಾತೆ ಆಕೆಯ ಹೆಸರಿನಲ್ಲಿದೆ ಎಂಬಷ್ಟಕ್ಕೆ ಹಣ ಆಕೆಯದೆಂದು ಬರೆದುಕೊಳ್ಳಬಾರದು. ಹಣ ಬಂದ ಎಸ್‌ಎಂಎಸ್ ಯಾರ ಫೋನಿಗೆ ಹೋಗುತ್ತದೆ, ಎಟಿಎಂ ಕಾರ್ಡ್ ಯಾರ ಪರ್ಸಿನಲ್ಲಿದೆ, ಕಳೆದ ಸಲ ತೆಗೆದವರು ಯಾರು, ಕೇಳದೆ ಐನೂರು ತೆಗೆದರೆ ಏನಾಗುತ್ತದೆ. ಇಡೀ ರಾಜ್ಯದಲ್ಲಿ ಒಂದೇ ಮೊತ್ತ, ಒಂದೇ ನಿಯಮ ಇರುವುದರಿಂದ ಹೋಲಿಕೆಗೆ ಇಂಥ ಪ್ರಶ್ನೆ ಬಹಳ ಅನುಕೂಲ.

ಕೂಡು ಕುಟುಂಬದ ಮಾತು ಬಿಟ್ಟರೆ ನಮ್ಮ ಅಳತೆ ಅಪೂರ್ಣ. ಪಾಶ್ಚಾತ್ಯ ಅಳತೆಗೋಲುಗಳಲ್ಲಿ ಹಿಡಿತ ಸಂಗಾತಿ ಒಬ್ಬನದೇ. ನಮ್ಮಲ್ಲಿ ಕಟ್ಟಳೆ ಗಂಡನದು, ಕಣ್ಗಾವಲು ಅತ್ತೆಯದೋ ನಾದಿನಿಯದೋ ಆಗಿರಬಹುದು. ಕಟ್ಟಳೆ ಅತ್ತೆಯದು, ಶಿಕ್ಷೆ ಗಂಡನದು ಎಂಬುದೂ ಉಂಟು. ಆದ್ದರಿಂದ ಪ್ರತಿ ಪ್ರಶ್ನೆಗೂ ‘ಯಾರು’ ಎಂಬ ಕಲಂ ಬೇಕು. ಗಂಡ ಊರಲ್ಲಿಲ್ಲದ ಮನೆಗಳಲ್ಲಿ ಇದಿಲ್ಲದೆ ಏನೂ ಸಿಗುವುದಿಲ್ಲ. ಹೊರದೇಶದಲ್ಲಿರುವ ಕನ್ನಡದ ಕುಟುಂಬಗಳಿಗೆ ಇನ್ನೊಂದು ಕಲಂ ಸೇರಬೇಕು: ಪಾಸ್‌ಪೋರ್ಟ್ ಯಾರ ಬಳಿ ಇದೆ, ವೀಸಾ ರದ್ದು ಮಾಡಿಸುತ್ತೇನೆ ಎಂಬ ಮಾತು ಬಂದಿದೆಯೇ. ಗಂಡನ ವೀಸಾದ ಮೇಲೆ ಅವಲಂಬಿತಳಾಗಿ ಹೋದವಳಿಗೆ ಅದೊಂದೇ ಬೆದರಿಕೆ ಸಾಕು.

ಅಂಕ ಹಾಕುವಲ್ಲಿ ಆಗುವ ತಪ್ಪು

ಸಂಶೋಧಕರು ಹೆಚ್ಚಾಗಿ ಎಡವುವುದು ಇಲ್ಲಿ. ಪ್ರಶ್ನೆಗಳನ್ನು ಸಿದ್ಧಪಡಿಸಿದ ಮೇಲೆ ಅವು ಒಂದಕ್ಕೊಂದು ಹೊಂದಿಕೊಳ್ಳುತ್ತವೆಯೇ ಎಂದು ಕ್ರೋನ್‌ಬ್ಯಾಕ್ ಆಲ್ಫಾ ಎಂಬ ಗುಣಾಂಕ ಲೆಕ್ಕ ಹಾಕುತ್ತಾರೆ. 0.7ಕ್ಕಿಂತ ಹೆಚ್ಚು ಬಂದರೆ ಅಳತೆಗೋಲು ಚೆನ್ನಾಗಿದೆ ಎನ್ನುತ್ತಾರೆ, ಉಳಿದವುಗಳ ಜೊತೆ ಹೊಂದದ ಪ್ರಶ್ನೆಯನ್ನು ಕಿತ್ತುಹಾಕುತ್ತಾರೆ. ಖಿನ್ನತೆಯ ಲಕ್ಷಣಗಳಿಗೆ ಈ ವಿಧಾನ ಸರಿ. ಅಲ್ಲಿ ಒಳಗಿನ ಒಂದೇ ಕಾರಣದಿಂದ ನಿದ್ದೆಗೇಡು, ಅಳು, ಬೇಸರ ಎಲ್ಲವೂ ಒಟ್ಟಿಗೆ ಬರುತ್ತವೆ. ಹಿಡಿತದಲ್ಲಿ ಹಾಗಲ್ಲ. ದಬ್ಬಾಳಿಕೆ ನಡೆಸುವವನು ತನ್ನ ಹೆಂಡತಿಗೆ ಯಾವುದು ತಾಗುತ್ತದೆ ಎಂದು ತಿಳಿದು ಅದನ್ನೇ ಆರಿಸಿಕೊಳ್ಳುತ್ತಾನೆ. ಸಂಬಳ ತರುವವಳ ಎಟಿಎಂ ಕಾರ್ಡ್ ಕಸಿಯುತ್ತಾನೆ, ಸಂಬಳವಿಲ್ಲದವಳಿಗೆ ಮಕ್ಕಳನ್ನು ಕಿತ್ತುಕೊಳ್ಳುವ ಬೆದರಿಕೆ ಹಾಕುತ್ತಾನೆ. ದೇವರಲ್ಲಿ ತುಂಬ ನಂಬಿಕೆಯಿರುವವಳಿಂದ ಮಗುವಿನ ತಲೆ ಮುಟ್ಟಿಸಿ ಆಣೆ ಹಾಕಿಸುತ್ತಾನೆ. ಒಂದು ತಂತ್ರ ಫಲಿಸಿದರೆ ಇನ್ನೊಂದರ ಅಗತ್ಯವಿಲ್ಲ. ಆದ್ದರಿಂದ ಪ್ರಶ್ನೆಗಳ ನಡುವೆ ಹೊಂದಿಕೆ ಕಡಿಮೆ ಬರುವುದು ಸಹಜ. ಆಲ್ಫಾ ಹೆಚ್ಚಿಸಲು ಪ್ರಶ್ನೆ ಕಿತ್ತರೆ ಅತಿ ವಿಶಿಷ್ಟವಾದ, ಅತಿ ಕ್ರೂರವಾದ ತಂತ್ರಗಳೇ ಮೊದಲು ಹೊರಬೀಳುತ್ತವೆ.

ಇದರ ಜೊತೆಗೇ ಬರುವ ತಪ್ಪು, ‘ಅನ್ವಯಿಸುವುದಿಲ್ಲ’ ಎಂಬುದನ್ನು ಸೊನ್ನೆ ಎಂದು ಲೆಕ್ಕ ಹಾಕುವುದು. ಬ್ಯಾಂಕ್ ಖಾತೆಯೇ ಇಲ್ಲದವಳಿಗೆ ಕಾರ್ಡ್ ಕಸಿದ ಪ್ರಶ್ನೆ ಅನ್ವಯಿಸುವುದಿಲ್ಲ. ಖಾತೆ ತೆರೆಯಲು ಬಿಡದ್ದಕ್ಕೆ ಖಾತೆ ಇಲ್ಲದಿದ್ದರೆ ಅದು ಹಿಡಿತದ ಅತ್ಯಂತ ಬಿಗಿಯಾದ ರೂಪ. ಆದರೆ ಸೊನ್ನೆ ಹಾಕಿದ ಮೊತ್ತದಲ್ಲಿ ಆಕೆ ಅತಿ ಸ್ವತಂತ್ರಳಾಗಿ ಕಾಣುತ್ತಾಳೆ. ಸರಿಯಾದ ಕ್ರಮವೆಂದರೆ ‘ಅನ್ವಯಿಸುವುದಿಲ್ಲ’ ಎಂದಾಗ ಕಾರಣ ಬರೆದುಕೊಂಡು, ಮೊತ್ತವನ್ನು ಅನ್ವಯಿಸುವ ಪ್ರಶ್ನೆಗಳ ಸಂಖ್ಯೆಯಿಂದ ಭಾಗಿಸುವುದು.

ನಾವು ಸೂಚಿಸುವ ವಿಧಾನ ಇದು. ಬದುಕನ್ನು ಎಂಟು ವಲಯಗಳಾಗಿ ನೋಡಿ: ಹಣ, ಓಡಾಟ ಮತ್ತು ತವರು, ಫೋನು, ಉಡುಗೆ ಮತ್ತು ದೇಹ, ಕೆಲಸ ಮತ್ತು ಓದು, ಮಕ್ಕಳು, ಊಟ-ನಿದ್ದೆ-ಮನೆಗೆಲಸದ ದಿನಚರಿ, ದಾಖಲೆಪತ್ರಗಳು. ಗರ್ಭನಿರೋಧಕ ಬಳಸಲು ಬಿಡುತ್ತಾರಾ ಎಂಬುದು ದೇಹದ ವಲಯದ್ದು. ಅದನ್ನು ಆರೋಗ್ಯದ ಪ್ರಶ್ನೆಗಳಲ್ಲಿ ಬಚ್ಚಿಡಬಾರದು. ಪ್ರತಿ ವಲಯಕ್ಕೂ ಕಟ್ಟಳೆ, ಮೀರಿದರೆ ಆಗುವ ಪರಿಣಾಮ, ಬಿಟ್ಟುಕೊಟ್ಟದ್ದು ಎಂದು ಮೂರು ಅಂಶಗಳಿಗೆ 0ರಿಂದ 3ರವರೆಗೆ ಅಂಕ. ಕಟ್ಟಳೆ ಮತ್ತು ಪರಿಣಾಮ ಎರಡೂ 1 ಅಥವಾ ಹೆಚ್ಚಿದ್ದರೆ ಮಾತ್ರ ಆ ವಲಯದಲ್ಲಿ ಹಿಡಿತ ಇದೆ ಎಂದು ಎಣಿಸಬೇಕು. ಅಂತಿಮವಾಗಿ ವರದಿಯಲ್ಲಿ ಎರಡು ಸಂಖ್ಯೆ ಇರಬೇಕು: ಎಷ್ಟು ವಲಯಗಳಲ್ಲಿ ಹಿಡಿತ ಇದೆ, ಅತಿ ಬಿಗಿಯಾದ ವಲಯದ ಪರಿಣಾಮದ ಅಂಕ ಎಷ್ಟು. ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಮಾಡಿದರೆ ಒಂದೇ ವಲಯದಲ್ಲಿ ಮಾರಣಾಂತಿಕ ಬೆದರಿಕೆ ಇರುವವಳು ಮರೆಯಾಗುತ್ತಾಳೆ.

ಎರಡು ಕಾಲ್ಪನಿಕ ಉದಾಹರಣೆಗಳ ಮೇಲೆ ಇದನ್ನು ಇಟ್ಟು ನೋಡಬಹುದು. ಒಬ್ಬಳ ಗಂಡ ಕಳೆದ ವರ್ಷ ಕುಡಿದು ಜಗಳದಲ್ಲಿ ಮೂರು ಸಲ ಕೈ ಮಾಡಿದ್ದಾನೆ. ಆಕೆ ತವರಿಗೆ ತನಗೆ ಬೇಕಾದಾಗ ಹೋಗುತ್ತಾಳೆ, ಗಾರ್ಮೆಂಟ್ಸ್ ಸಂಬಳ ತಾನೇ ಇಟ್ಟುಕೊಳ್ಳುತ್ತಾಳೆ. ಇನ್ನೊಬ್ಬಳ ಮೇಲೆ ನಾಲ್ಕು ವರ್ಷದಿಂದ ಏಟು ಬಿದ್ದಿಲ್ಲ; ಆಕೆ ಬಿಲ್ ಇಲ್ಲದೆ ಏನನ್ನೂ ಕೊಳ್ಳುವುದಿಲ್ಲ, ಫೋನು ರಾತ್ರಿ ಒಪ್ಪಿಸುತ್ತಾಳೆ, ಕೆಲಸ ಬಿಟ್ಟಿದ್ದಾಳೆ, ಆಧಾರ್ ಕಾರ್ಡ್ ಎಲ್ಲಿದೆ ಎಂದು ಆಕೆಗೆ ಗೊತ್ತಿಲ್ಲ. ಈ ನಾಲ್ಕರ ಬೆನ್ನಿಗೂ ಬೆದರಿಕೆ ಇದೆ. ಕಳೆದ 12 ತಿಂಗಳ ದೈಹಿಕ ಹಿಂಸೆಯ ಎಣಿಕೆಯಲ್ಲಿ ಮೊದಲನೆಯವಳು ಸಂತ್ರಸ್ತೆ, ಎರಡನೆಯವಳು ಅಲ್ಲ. ವಲಯದ ಎಣಿಕೆಯಲ್ಲಿ ಮೊದಲನೆಯವಳದು ಸೊನ್ನೆ, ಎರಡನೆಯವಳದು ನಾಲ್ಕು. ಮೊದಲನೆಯವಳಿಗೆ ಆದದ್ದು ಅಪರಾಧವೇ. ಆಕೆಗೂ ರಕ್ಷಣೆ ಬೇಕು. ಇಬ್ಬರಿಗೂ ಬೇಕಾದ ನೆರವು ಬೇರೆ ಬೇರೆ ಎಂಬುದನ್ನು ಅಳತೆ ಹೇಳಬೇಕು.

ಆಕೆಯ ಒಳಗಿನ ಅನುಭವವನ್ನೇ ಅಳೆಯುವ ಇನ್ನೊಂದು ದಾರಿಯೂ ಇದೆ. 1995ರಲ್ಲಿ ಅಮೆರಿಕದಲ್ಲಿ ರೂಪಿಸಿದ ಹತ್ತು ವಾಕ್ಯಗಳ ಒಂದು ಪಟ್ಟಿ ಗಂಡ ಏನು ಮಾಡಿದ ಎಂದು ಕೇಳುವುದೇ ಇಲ್ಲ. ಸ್ವಂತ ಮನೆಯಲ್ಲೂ ಸುರಕ್ಷಿತ ಅನಿಸುವುದಿಲ್ಲ, ಮುಂದೆ ಏನು ಮಾಡುತ್ತಾನೋ ಎಂಬ ಭಯದಿಂದ ಎಚ್ಚರದಲ್ಲಿರುತ್ತೇನೆ ಎಂಬಂಥ ಮಾತುಗಳಿಗೆ ಎಷ್ಟು ಒಪ್ಪುತ್ತೀರಿ ಎಂದು ಆರು ಹಂತಗಳಲ್ಲಿ ಕೇಳುತ್ತದೆ. ಮೊತ್ತ 10ರಿಂದ 60. 20 ಅಥವಾ ಹೆಚ್ಚಾದರೆ ಗಂಭೀರ. ತಂತ್ರಗಳ ಪಟ್ಟಿಗೆ ಸಿಗದವರು ಇಲ್ಲಿ ಸಿಗುತ್ತಾರೆ. ಇಲ್ಲಿ ಸಿಗದವರೂ ಇದ್ದಾರೆ: ಇಷ್ಟು ವರ್ಷ ಒಗ್ಗಿಹೋಗಿ ಭಯವನ್ನು ಭಯವೆಂದು ಗುರುತಿಸದವರು. ಆದ್ದರಿಂದ ಎರಡೂ ಬೇಕು.

ಕಾನೂನು ಬಂದರೆ ಅಂಕಿ ಸರಿಯಾಗುತ್ತದೆಯೇ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಡಿಸೆಂಬರ್ 29ರಿಂದ ಹಿಡಿತ ಪ್ರತ್ಯೇಕ ಅಪರಾಧ, ಗರಿಷ್ಠ ಶಿಕ್ಷೆ ಐದು ವರ್ಷ. ವರ್ತನೆ ಪದೇ ಪದೇ ಅಥವಾ ನಿರಂತರವಾಗಿ ನಡೆದಿರಬೇಕು. ಅದರಿಂದ ಆಕೆಗೆ ಕನಿಷ್ಠ ಎರಡು ಸಲ ಹಿಂಸೆಯ ಭಯ ಹುಟ್ಟಿರಬೇಕು, ಇಲ್ಲವೇ ದಿನನಿತ್ಯದ ಚಟುವಟಿಕೆಗಳಿಗೆ ಗಣನೀಯವಾಗಿ ಧಕ್ಕೆ ತರುವಂಥ ತೀವ್ರ ಸಂಕಟ ಆಗಿರಬೇಕು. ಕಾನೂನಿನ ಈ ಎರಡನೇ ದಾರಿ ಬದುಕು ಕಿರಿದಾದದ್ದನ್ನೇ ಅಳೆಯುತ್ತದೆ. 2019ರ ಏಪ್ರಿಲ್ 1ರಂದು ಜಾರಿಗೆ ಬಂದ ಸ್ಕಾಟ್ಲೆಂಡಿನ ಕಾಯ್ದೆಯಲ್ಲಿ ಶಿಕ್ಷೆ 14 ವರ್ಷದವರೆಗೆ, ಹಾನಿ ನಿಜಕ್ಕೂ ಆಯಿತೆಂದು ಸಾಬೀತು ಮಾಡುವ ಅಗತ್ಯವೂ ಇಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 2024ರ ಜುಲೈ 1ರಿಂದ ಇಂಥದ್ದೇ ಕಾನೂನು ತಂದಿದೆ.

ಇಂಗ್ಲೆಂಡ್ ಮತ್ತು ವೇಲ್ಸ್ ಪೊಲೀಸರು ದಾಖಲಿಸಿದ ಹಿಡಿತದ ಪ್ರಕರಣಗಳು 2018ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ 9,053 ಇದ್ದವು, ಮರುವರ್ಷ 17,616 ಆದವು, 2023ರ ಮಾರ್ಚ್ ಹೊತ್ತಿಗೆ 43,774ಕ್ಕೆ ಏರಿದವು. ಐದು ವರ್ಷದಲ್ಲಿ ಹಿಡಿತ ಸುಮಾರು ಐದು ಪಟ್ಟಾಯಿತು ಎಂದು ಯಾರೂ ಓದಬಾರದು. ಗುರುತಿಸುವ ಪೊಲೀಸರ ಕಣ್ಣು ಬೆಳೆದದ್ದರ ಅಳತೆ ಅದು. ಅಲ್ಲಿನ ಪೊಲೀಸರು 2009ರಿಂದ ಬಳಸುತ್ತ ಬಂದ 27 ಪ್ರಶ್ನೆಗಳ ಅಪಾಯ ಪಟ್ಟಿಯಲ್ಲಿ ಉತ್ತರ ಹೌದು ಅಥವಾ ಇಲ್ಲ, ಹಲವು ಕಡೆ 14 ‘ಹೌದು’ ಆದರೆ ಅತಿ ಅಪಾಯ. ಹಿಡಿತ ಇದರಲ್ಲಿ ಸರಿಯಾಗಿ ಕಾಣುತ್ತಿಲ್ಲವೆಂದು ಅಲ್ಲಿನ ಪೊಲೀಸರ ತರಬೇತಿ, ಮಾನದಂಡಗಳನ್ನು ನೋಡಿಕೊಳ್ಳುವ ಕಾಲೇಜ್ ಆಫ್ ಪೊಲೀಸಿಂಗ್ ಹೊಸ ಪಟ್ಟಿ ರೂಪಿಸಿತು. ಅದರಲ್ಲಿ ಎಷ್ಟು ಸಲ ಎಂಬುದಕ್ಕೆ ಒತ್ತು. ಜನರ ನಡುವಿನ ಅಪರಾಧ ಸಮೀಕ್ಷೆಯಲ್ಲೂ ಹಿಡಿತದ ಪ್ರಶ್ನೆಗಳನ್ನು ಅರ್ಧ ಮಂದಿಗೆ ಹಳೆಯದು, ಅರ್ಧ ಮಂದಿಗೆ ಹೊಸದು ಎಂದು ಹಂಚಿ ಪರೀಕ್ಷಿಸಿ, ಮತ್ತೆ ತಿದ್ದುವ ಕೆಲಸಕ್ಕೆ ಅಲ್ಲಿನ ಅಂಕಿಅಂಶ ಕಚೇರಿ ವರ್ಷಗಟ್ಟಲೆ ತೆಗೆದುಕೊಂಡಿದೆ. ಆ ತಾಳ್ಮೆ ಇಲ್ಲೂ ಬೇಕು.

ಭಾರತದಲ್ಲಿ ಹಿಡಿತ ಪ್ರತ್ಯೇಕ ಅಪರಾಧವಲ್ಲ. ಆದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 3ನೇ ಸೆಕ್ಷನ್ ಮಾತಿನ, ಮಾನಸಿಕ, ಆರ್ಥಿಕ ದೌರ್ಜನ್ಯವನ್ನು ಒಳಗೊಂಡಿದೆ. ಯಾವುದು ದೌರ್ಜನ್ಯ ಎಂದು ನಿರ್ಧರಿಸುವಾಗ ಪ್ರಕರಣದ ಒಟ್ಟಾರೆ ಸಂಗತಿ, ಸಂದರ್ಭಗಳನ್ನು ನೋಡಬೇಕೆಂದು ಅದರ ವಿವರಣೆಯೇ ಹೇಳುತ್ತದೆ. ಇಪ್ಪತ್ತು ವರ್ಷದ ಹಿಂದೆಯೇ ನಮ್ಮ ಶಾಸನ ಸರಿಯಾದ ಜಾಗದಲ್ಲಿ ನಿಂತಿತ್ತು. ತೊಡಕಿರುವುದು ನಮೂನೆಯಲ್ಲಿ. ಈ ಕಾಯ್ದೆಯಡಿ ನೇಮಕವಾದ ರಕ್ಷಣಾಧಿಕಾರಿ ಭರ್ತಿ ಮಾಡುವ ಕೌಟುಂಬಿಕ ಘಟನಾ ವರದಿ ದೌರ್ಜನ್ಯ ನಡೆದ ದಿನಾಂಕ, ಸ್ಥಳ, ವೇಳೆ ಕೇಳುತ್ತದೆ. ಮನೆಯಿಂದ ಹೊರಗೆ ಹೋಗದಂತೆ ತಡೆದದ್ದು, ಸಂಬಳ ಕಿತ್ತುಕೊಂಡದ್ದು, ಶೀಲದ ಮೇಲೆ ಆರೋಪ ಹೊರಿಸಿದ್ದು ಎಲ್ಲಕ್ಕೂ ಪಟ್ಟಿಯಲ್ಲಿ ಜಾಗವಿದೆ. ಆದರೆ ಏಳು ವರ್ಷದಿಂದ ದಿನವೂ ನಡೆದದ್ದಕ್ಕೆ ಯಾವ ದಿನಾಂಕ ಬರೆಯುವುದು? ಕೊನೆಗೆ ದಿನಾಂಕ ಇರುವ ಒಂದೆರಡು ಹೊಡೆತಗಳೇ ಕೋರ್ಟಿಗೆ ಹೋಗುತ್ತವೆ.

ಕಾಯ್ದೆ ತಿದ್ದುವವರೆಗೆ ಕಾಯದೆ ಈಗಲೇ ಮಾಡಬಹುದಾದದ್ದಿದೆ. ಕರ್ನಾಟಕದಲ್ಲಿ ರಕ್ಷಣಾಧಿಕಾರಿಯ ಕೆಲಸ ನೋಡುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ), ನೊಂದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಕೇಂದ್ರದ ಆಪ್ತಸಮಾಲೋಚಕಿ, ವಕೀಲರು ದಿನಾಂಕದ ಜಾಗದಲ್ಲಿ ಆರಂಭ ಮತ್ತು ಮುಂದುವರಿಕೆ ಬರೆಯಲಿ: ‘ಮೊದಲ ಮಗು ಹುಟ್ಟಿದ ವರ್ಷದಿಂದ ಇಂದಿನವರೆಗೆ, ಪ್ರತಿದಿನ’. ಜೊತೆಗೆ ಒಂದು ಕಾಲರೇಖೆ ಲಗತ್ತಿಸಲಿ. ಕೆಲಸ ಬಿಟ್ಟದ್ದು ಯಾವಾಗ, ತವರಿಗೆ ಕೊನೆಯ ಸಲ ಹೋದದ್ದು ಯಾವಾಗ, ಖಾತೆ ನಿಂತದ್ದು ಯಾವಾಗ, ಫೋನು ಬದಲಾದದ್ದು ಯಾವಾಗ. ಕೆಲಸ ಕೊಟ್ಟವರ ಬಿಡುಗಡೆ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಕರೆಗಳ ಪಟ್ಟಿ ಇವಕ್ಕೆಲ್ಲ ಸಾಕ್ಷ್ಯ ಒದಗಿಸುತ್ತವೆ. ಕೋರ್ಟಿನಲ್ಲಿ ಪ್ರಕರಣದ ದಾರಿಯನ್ನೇ ಬದಲಿಸಬಲ್ಲ ದಾಖಲೆ ಇದು.

ಕೇಳುವಾಗ ಆಕೆಗೆ ಕೇಡಾಗಬಾರದು

ಕುಟುಂಬ ಆರೋಗ್ಯ ಸಮೀಕ್ಷೆ ಒಂದು ಮನೆಯಲ್ಲಿ ಒಬ್ಬ ಮಹಿಳೆಯನ್ನು ಮಾತ್ರ ಈ ಭಾಗಕ್ಕೆ ಆರಿಸುತ್ತದೆ, ಏಕಾಂತ ಸಿಗದಿದ್ದರೆ ಪ್ರಶ್ನೆಗಳನ್ನು ಕೈಬಿಡುತ್ತದೆ. ಒಳ್ಳೆಯ ನಿಯಮ, ಆದರೆ ಅದರಿಂದಲೇ ಒಂದು ಓರೆ ಹುಟ್ಟುತ್ತದೆ: ಕಣ್ಗಾವಲು ಹೆಚ್ಚಿರುವ ಮನೆಯಲ್ಲೇ ಏಕಾಂತ ಸಿಗುವುದು ಕಡಿಮೆ. ಹೀಗೆ ಬಿಟ್ಟುಹೋದ ಸಂದರ್ಶನಗಳನ್ನು ಜಿಲ್ಲಾವಾರು ಎಣಿಸಿ ಪ್ರಕಟಿಸಬೇಕು, ಪಕ್ಕದಿಂದ ಎದ್ದು ಹೋಗದವರು ಯಾರು ಎಂಬುದನ್ನೂ ಬರೆಯಬೇಕು. ಮಾತಿನ ನಡುವೆ ಯಾರಾದರೂ ಬಂದರೆ ಹೊರಳಲು ಮಕ್ಕಳ ಲಸಿಕೆಯಂಥ ಪ್ರಶ್ನೆಗಳು ಬಾಯಲ್ಲಿ ಸಿದ್ಧವಿರಬೇಕು. ಸಹಾಯವಾಣಿಯ ಚೀಟಿ ಕೊಟ್ಟು ಬರಬಾರದು, ಅದು ಯಾರ ಕೈಗೆ ಸಿಗುತ್ತದೋ ಗೊತ್ತಿಲ್ಲ. ಮಹಿಳಾ ಸಹಾಯವಾಣಿಯ 181 ಮತ್ತು ತುರ್ತು ನೆರವಿನ 112 ಎಂಬ ಎರಡು ಸಂಖ್ಯೆ ಬಾಯಿಪಾಠ ಮಾಡಿಸಿದರೆ ಸಾಕು. ಫೋನಿನಲ್ಲಿ ಸಂದರ್ಶನ ನಡೆಸುವವರು ಮೊದಲು ಹೌದು-ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆಯಿಂದ ಶುರು ಮಾಡಬೇಕು: ಈಗ ಮಾತಾಡಬಹುದಾ, ಸ್ಪೀಕರ್ ಆನ್ ಇದೆಯಾ, ಈ ಕರೆ ರೆಕಾರ್ಡ್ ಆಗುತ್ತದಾ.

ಅಳತೆಯ ಅಂಕ ಏರಿತು ಎಂದರೆ ನೆರವು ಸೋತಿತು ಎಂದೂ ಅಲ್ಲ. ಆಕೆ ಹೊರಡಲು ಸಿದ್ಧಳಾದಾಗ ಬೆದರಿಕೆ, ಹಿಂಬಾಲಿಸುವಿಕೆ, ಮಕ್ಕಳ ಹೆಸರಿನ ಒತ್ತಡ ಎಲ್ಲವೂ ಒಮ್ಮೆಲೇ ಹೆಚ್ಚುತ್ತವೆ. ಅಮೆರಿಕದ 11 ನಗರಗಳಲ್ಲಿ ಸಂಗಾತಿಯಿಂದ ಕೊಲೆಯಾದ 220 ಮಹಿಳೆಯರ ಪ್ರಕರಣಗಳನ್ನು ದೌರ್ಜನ್ಯ ಅನುಭವಿಸಿ ಬದುಕಿರುವ 343 ಮಹಿಳೆಯರ ಜೊತೆ ಹೋಲಿಸಿ ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅತಿಯಾಗಿ ಅಂಕೆಯಲ್ಲಿಡುವ ಸಂಗಾತಿಯಿಂದ ಬೇರ್ಪಟ್ಟಾಗ ಕೊಲೆಯ ಅಪಾಯ ಸುಮಾರು ಒಂಬತ್ತು ಪಟ್ಟು. ಹಾಗಾಗಿ ಸಾಂತ್ವನ ಕೇಂದ್ರಗಳು ತಮ್ಮ ಕೆಲಸವನ್ನು ಅಳೆಯುವಾಗ ಮೊದಲ ಭೇಟಿ, ಬೇರ್ಪಟ್ಟ ಮೊದಲ ಮೂರು ತಿಂಗಳು, ಒಂದು ವರ್ಷದ ನಂತರ ಎಂದು ಮೂರು ಸಲ ಬೇರೆ ಬೇರೆಯಾಗಿ ಕೇಳಬೇಕು. ಎರಡನೇ ಸಲದ ಅಂಕ ಏರಿದ್ದರೆ ಕಡತದ ಮೇಲೆ ಅಂದೇ ಸುರಕ್ಷತೆಯ ಯೋಜನೆ ಬರೆಯಬೇಕು: ಮೂಲ ದಾಖಲೆಗಳು ಎಲ್ಲಿವೆ, ಮಕ್ಕಳನ್ನು ಶಾಲೆಯಿಂದ ಕರೆತರುವವರು ಯಾರು, ಫೋನಿನ ಲೊಕೇಷನ್ ಹಂಚಿಕೆ ಯಾವ ದಿನ ನಿಲ್ಲಿಸಿದರೆ ಅನುಮಾನ ಬರುವುದಿಲ್ಲ.